ಚಾಮಯ್ಯ ಮೇಷ್ಟ್ರು ಕೇಳಿದ್ದು

ಆ ನೋಟ್‌ಬುಕ್ಕಿನ ಪ್ರತಿ ಪುಟದ ನಡುವೆಯೂ ಸ್ಕೇಲ್ ಇಟ್ಟು ಎಳೆದ ಒಂದು ಗೆರೆ ಇದೆ. ಗೆರೆಯ ಎಡಕ್ಕೆ ‘ಒಳ್ಳೆಯದು’, ಬಲಕ್ಕೆ ‘ಕೆಟ್ಟದು’. ಮೊದಲ ಪುಟ ಬರೆದದ್ದು 1989ರಲ್ಲಿ, ಚಿತ್ರದುರ್ಗದಲ್ಲಿ ಪಿಯುಸಿ ಓದುತ್ತಿದ್ದಾಗ. ಬರೆದವರಿಗೆ ಈಗ ಐವತ್ತು ದಾಟಿದೆ. ಪುಣೆಯ ಚಿಂಚ್‌ವಾಡದಲ್ಲಿ ಮನೆ, ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಊರು ಬಿಟ್ಟು ಇಪ್ಪತ್ತೈದು ವರ್ಷವಾದರೂ ನೋಟ್‌ಬುಕ್ ಬಿಟ್ಟಿಲ್ಲ. ಬೈಂಡು ಕಿತ್ತು ಬಂದಾಗ ಮೇಲೆ ಬ್ರೌನ್ ಪೇಪರ್ ಹಾಕಿಸಿದ್ದಾರೆ, ಅಷ್ಟೇ.

ಅದಕ್ಕೆ ಮೂರು ನಿಯಮಗಳಿವೆ. ನೋಡಿದ ದಿನವೇ ಬರೆಯಬೇಕು. ಒಂದು ಪಿಕ್ಚರನ್ನು ಎರಡೂ ಕಡೆ ಬರೆಯುವಂತಿಲ್ಲ. ಬರೆದದ್ದನ್ನು ಹೊಡೆದು ಹಾಕುವಂತಿಲ್ಲ. ಹೆಸರಿನ ಮುಂದೆ ಒಂದೇ ಸಾಲಿನ ಷರಾ. ‘ಕಸ್ತೂರಿ ನಿವಾಸ’ದ ಮುಂದೆ ‘ಕೊಡುವ ಕೈ ಹೀಗಿರಬೇಕು’ ಎಂದಿದೆ. ಉಪೇಂದ್ರರ ‘ಎ’ ಮುಂದೆ ‘ತಲೆನೋವು’ ಎಂದಿದೆ. ‘ನಾಗರಹಾವು’ ಮುಂದೆ ಮಾತ್ರ ಏನೂ ಇಲ್ಲ. ಚಿತ್ರದುರ್ಗದವರು ಅದಕ್ಕೆ ಷರಾ ಬರೆಯುವ ಅಗತ್ಯವಿಲ್ಲ ಎಂಬುದು ಆ ಖಾಲಿ ಜಾಗದ ಅರ್ಥ.

ಕಳೆದ ವರ್ಷ ಮಗಳ ಹತ್ತನೇ ತರಗತಿ ಪರೀಕ್ಷೆ ಮುಗಿಯಿತು. ಫಲಿತಾಂಶ ಬರುವವರೆಗೆ, ಬಂದ ಮೇಲೆ ಹನ್ನೊಂದನೇ ತರಗತಿ ಸೇರುವವರೆಗೆ ಕೈತುಂಬ ರಜೆ. ಅಪ್ಪ ನೋಟ್‌ಬುಕ್ ತೆಗೆದು ಎಡಗಡೆಯಿಂದ ಹನ್ನೆರಡು ಹೆಸರು ಆರಿಸಿ, ವಾರಕ್ಕೊಂದರಂತೆ ಭಾನುವಾರದ ಪಟ್ಟಿ ಮಾಡಿದರು. ಮಗಳಿಗೆ ಕನ್ನಡ ಗೊತ್ತಿದೆ ಎನ್ನಬಹುದು, ಇಲ್ಲವೆನ್ನಲೂಬಹುದು. ಮನೆಯ ಮಾತೆಲ್ಲ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಗೆಳತಿಯರ ಜೊತೆ ಹಿಂದಿ, ಸೊಸೈಟಿಯ ವಾಚ್‌ಮನ್ ಜೊತೆ ಮರಾಠಿ. ಊರ ಹೊರಗೆ ಬೆಳೆದ ಮಕ್ಕಳ ಕನ್ನಡಕ್ಕೆ ಒಂದು ವಿಚಿತ್ರ ಗಡಿ ಇರುತ್ತದೆ. ಹಸಿವು, ನಿದ್ದೆ, ಸ್ನಾನ, ಬೈಗುಳ, ಮುದ್ದು, ಇಷ್ಟಕ್ಕೆಲ್ಲ ಮಾತಿರುತ್ತದೆ. ‘ನೀನು ಹೇಳುವುದು ತಪ್ಪು, ಯಾಕೆಂದರೆ’ ಎಂದು ಶುರುವಾದರೆ ಯಾಕೆಂದರೆಯ ನಂತರ ಭಾಷೆ ಬದಲಾಗುತ್ತದೆ. ಈ ಹುಡುಗಿಯೂ ಹಾಗೆಯೇ. ಒಪ್ಪಿಕೊಳ್ಳುವುದು ಕನ್ನಡದಲ್ಲಿ, ವಾದ ಹಿಂದಿಯಲ್ಲಿ.

ಅದೇ ಏಪ್ರಿಲ್‌ನಲ್ಲಿ ಅಪ್ಪ ಅವಳ ಬಳಿ ಇನ್ನೊಂದು ಮಾತು ಕೇಳಿದ್ದರು. ಹನ್ನೊಂದಕ್ಕೆ ಅವಳಿಗೆ ಆರ್ಟ್ಸ್ ಬೇಕಿತ್ತು, ಸೈಕಾಲಜಿ ಓದುವ ಆಸೆ. ಅವರು ಗದರಲಿಲ್ಲ. ಬಾಲ್ಕನಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು, “ನನಗೋಸ್ಕರ ಸೈನ್ಸ್ ತಗೋ ಪುಟ್ಟಿ, ಎರಡೇ ವರ್ಷ, ಆಮೇಲೆ ನಿನ್ನಿಷ್ಟ” ಎಂದರು. ಅವಳು “ಆಯ್ತಪ್ಪ” ಎಂದಳು. ಕನ್ನಡದಲ್ಲಿಯೇ ಎಂದಳು. ಅಲ್ಲಿಗೆ ಆ ವಿಷಯ ಮುಗಿಯಿತು ಎಂದು ಅಪ್ಪ ತಿಳಿದರು.

ಮೊದಲ ಭಾನುವಾರ ‘ಬಂಗಾರದ ಮನುಷ್ಯ’. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, 1972. ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿದ್ದು, ಪಿಕ್ಚರ್ ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಹೋದವರಿದ್ದರೆಂಬ ಮಾತು, ಎಲ್ಲವನ್ನೂ ಅಪ್ಪ ಮೊದಲೇ ಹೇಳಿದರು. ಅಕ್ಕನ ಸಂಸಾರ ಎತ್ತಿ ನಿಲ್ಲಿಸಲು ಬಂಡೆ ಒಡೆದು ಹೊಲ ಮಾಡುವ ರಾಜೀವ, ಕೊನೆಗೆ ಸಾಕಿದ ಹುಡುಗನೇ ಅನುಮಾನಿಸಿದಾಗ ಒಂದು ಮಾತೂ ಆಡದೆ ಊರು ಬಿಟ್ಟು ನಡೆಯುತ್ತಾನೆ. ಆ ನಡಿಗೆಯಲ್ಲಿ ರಾಜ್‌ಕುಮಾರ್ ಬೆನ್ನಿನಿಂದಲೇ ನಟಿಸುತ್ತಾರೆ ಎಂಬುದು ಅಪ್ಪನ ಹಳೆಯ ಅಭಿಪ್ರಾಯ, ತಪ್ಪೇನೂ ಅಲ್ಲ.

ಮಗಳು ಕೇಳಿದ್ದು ಒಂದೇ. “ಅವನು ಯಾಕೆ ಏನೂ ಹೇಳಲ್ಲ? ಮತ್ಲಬ್, ಹೇಳಿದ್ರೆ ಎಲ್ಲ ಸರಿ ಹೋಗ್ತಿತ್ತಲ್ಲ.”

“ಹೇಳಿದ್ರೆ ದೊಡ್ಡತನ ಎಲ್ಲಿರುತ್ತೆ?” ಎಂದರು ಅಪ್ಪ.

ಎರಡನೆಯದು ‘ಕಸ್ತೂರಿ ನಿವಾಸ’. ದೊರೈ–ಭಗವಾನ್, 1971. ಬೆಂಕಿಪೊಟ್ಟಣದ ಕಾರ್ಖಾನೆಯ ಯಜಮಾನ ಕೊಡುತ್ತಾ ಕೊಡುತ್ತಾ ಎಲ್ಲ ಕಳೆದುಕೊಳ್ಳುವ ಕಥೆ. ಕೊಟ್ಟು ಅಭ್ಯಾಸವಾದ ಕೈ ಒಮ್ಮೆಯೂ ಬೇಡಲು ಚಾಚುವುದಿಲ್ಲ. ಪಿಕ್ಚರ್ ಮುಗಿದಾಗ ಅಪ್ಪನ ಕಣ್ಣು ಒದ್ದೆಯಾಗಿತ್ತು. ಅಡುಗೆಮನೆಯಿಂದಲೇ ಅರ್ಧ ನೋಡಿದ್ದ ಅಮ್ಮ ಹೊರಗೆ ಬಂದರು. ಅವರು ಹುಬ್ಬಳ್ಳಿಯವರು. “ಅಲ್ರೀ, ನಿಮ್ಮ ಛಲೋ ಪಿಕ್ಚರ್ ಒಳಗ ಎಲ್ಲಾರೂ ಬರೇ ಕೊಡ್ತಾರ, ಇಲ್ಲಾ ಸಾಯ್ತಾರ. ಹೆಂಗಸ್ರಂತೂ ಖರೇನ ಸಾಯ್ತಾರ. ಹ್ವಾದ ವಾರ ಆ ಲಕ್ಷ್ಮೀನೂ ಸತ್ತಳು.” ಅಪ್ಪ ನಕ್ಕು ಸುಮ್ಮನಾದರು. ಅಮ್ಮನಿಗೆ ಇಷ್ಟದ ಪಿಕ್ಚರ್ ‘ಗೌರಿ ಗಣೇಶ’. ಅದು ನೋಟ್‌ಬುಕ್ಕಿನ ಬಲಗಡೆ ಇದೆ, ‘ಟೈಂಪಾಸ್’ ಎಂಬ ಷರಾದೊಂದಿಗೆ.

ಮೂರನೆಯ ಭಾನುವಾರ ‘ನಾಗರಹಾವು’.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು, ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’, ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ಈ ಚಿತ್ರ ಚಿತ್ರದುರ್ಗದವರಿಗೆ ಬರೀ ಪಿಕ್ಚರ್ ಅಲ್ಲ. ಆ ಬಂಡೆಗಳು, ಆ ಕೋಟೆಯ ಮೆಟ್ಟಿಲುಗಳು ಅವರು ಶಾಲೆಗೆ ಚಕ್ಕರ್ ಹೊಡೆದು ಅಲೆದ ಜಾಗಗಳು. ಜಯಂತಿಯವರ ಓಬವ್ವನಿಂದಾಗಿ ಒನಕೆ ಕಿಂಡಿ ನಾಡಿಗೆಲ್ಲ ಕಣ್ಣಿಗೆ ಕಟ್ಟಿದಂತಾಯಿತು. ವಿಷ್ಣುವರ್ಧನ್ ನಾಯಕನಾದ ಮೊದಲ ಚಿತ್ರ, ಅಂಬರೀಶ್ ಪರದೆಗೆ ಬಂದ ಮೊದಲ ಚಿತ್ರ. ಹೊಸ ರೂಪದಲ್ಲಿ 2018ರಲ್ಲಿ ಮತ್ತೆ ಬಿಡುಗಡೆಯಾದಾಗ ಅಪ್ಪ ಅದನ್ನು ನೋಡಲೆಂದೇ ಪುಣೆಯಿಂದ ಊರಿಗೆ ಹೋಗಿದ್ದರು. ಇದನ್ನೇ ಪುಟ್ಟಣ್ಣ ಹಿಂದಿಯಲ್ಲಿ ರಿಷಿ ಕಪೂರ್ ಜೊತೆ ‘ಜಹರೀಲಾ ಇನ್ಸಾನ್’ ಎಂದು 1974ರಲ್ಲಿ ಮತ್ತೆ ತೆಗೆದರು, ‘ಓ ಹಂಸಿನಿ’ ಅದರದೇ ಹಾಡು ಎಂದಾಗ ಮಗಳು ಕಣ್ಣರಳಿಸಿದಳು. ಆ ಹಾಡು ಅವಳ ಫೋನಿನಲ್ಲಿತ್ತು. ಅದು ಚಿತ್ರದುರ್ಗದ ಕಥೆಯಿಂದ ಹುಟ್ಟಿದ್ದು ಎಂದು ಅವಳಿಗೆ ಗೊತ್ತಿರಲಿಲ್ಲ.

ರಾಮಾಚಾರಿ ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿದಾಗ ಅವಳು ನಕ್ಕಳು. ‘ಬುಲ್‌ಬುಲ್’ ಎಂದು ಅಲಮೇಲು ಹಿಂದೆ ಬೀಳುವ ಜಲೀಲನನ್ನು ಕಂಡು ಮುಖ ಸಿಂಡರಿಸಿದಳು. ಅಪ್ಪ ಕಾದಿದ್ದುದು ಚಾಮಯ್ಯ ಮೇಷ್ಟ್ರಿಗಾಗಿ. ಊರೆಲ್ಲ ಬೇಡವೆಂದ ಹುಡುಗನನ್ನು ಮಗನಂತೆ ಕಂಡ ಮೇಷ್ಟ್ರು, ಹೆತ್ತವರ ಮಾತಿಗೂ ಬಗ್ಗದ ರಾಮಾಚಾರಿ ತಲೆಬಾಗುವ ಒಬ್ಬರೇ ಒಬ್ಬರು. ಕೆ.ಎಸ್. ಅಶ್ವಥ್ ಆ ಪಾತ್ರಕ್ಕೆ ತಂದ ಮೆತ್ತನೆಯ ದನಿ ಇವತ್ತಿಗೂ ಕನ್ನಡದಲ್ಲಿ ‘ಮೇಷ್ಟ್ರು’ ಎಂದರೆ ಹೀಗೆ ಎಂಬ ಅಚ್ಚು. ಅಲಮೇಲುವನ್ನು ಮರೆತುಬಿಡು ಎಂದು ಮೇಷ್ಟ್ರು ಕೇಳುವ ದೃಶ್ಯ ಬಂತು. ರಾಮಾಚಾರಿ ಒಡೆದುಹೋಗುತ್ತಾನೆ, ಆದರೂ ಒಪ್ಪುತ್ತಾನೆ. ಅಪ್ಪ ಮೂಗೊರೆಸಿಕೊಂಡರು. ಮಗಳು ಪಾಸ್ ಒತ್ತಿದಳು.

“ಅಪ್ಪ, ಮೇಷ್ಟ್ರು ಒಳ್ಳೆಯವ್ರಾ?”

“ಅದೇನು ಹಂಗೆ ಕೇಳ್ತೀಯಾ! ಅವ್ರಂಥವರು ಇದಾರಾ?”

“ಇಲ್ಲ, ನೋಡು. ಅಲಮೇಲುಗೆ ಇವನು ಬೇಕು. ಇವನಿಗೆ ಅವಳು ಬೇಕು. ಅವಳನ್ನ ಯಾರೂ ಕೇಳ್ಲಿಲ್ಲ. ಮೇಷ್ಟ್ರೂ ಕೇಳ್ಲಿಲ್ಲ. ಇವನನ್ನ ಮಾತ್ರ ಕೇಳಿದ್ರು, ಯಾಕೆಂದ್ರೆ ಇವನು ಇಲ್ಲ ಅನ್ನಲ್ಲ ಅಂತ ಅವ್ರಿಗೆ ಗೊತ್ತಿತ್ತು.”

ಯಾಕೆಂದರೆಯ ನಂತರವೂ ಕನ್ನಡವೇ ಇತ್ತು. ಅದನ್ನು ಗಮನಿಸಿದ್ದು ಅಮ್ಮ. ಅಪ್ಪನಿಗೆ ಆಗ ಅದನ್ನು ಗಮನಿಸುವ ಸಮಾಧಾನ ಇರಲಿಲ್ಲ.

“ಗುರು ಕಣೇ. ಗುರು ಕೇಳಿದ್ರೆ ಕೊಡಬೇಕು.”

“ಅವ್ರು ಬೈದಿದ್ರೆ ರಾಮಾಚಾರಿ ಜಗಳ ಆಡ್ತಿದ್ದ. ಪ್ರಿನ್ಸಿಪಾಲನ್ನೇ ಕಟ್ಟಿಹಾಕಿದ್ನಲ್ಲ. ಇವ್ರು ಪ್ರೀತಿಯಿಂದ ಕೇಳಿದ್ರು. ಅದಕ್ಕೇ ಅವನಿಗೆ ಏನೂ ಮಾಡಕ್ಕಾಗ್ಲಿಲ್ಲ.”

ಪಿಕ್ಚರ್ ಮುಂದುವರಿಯಿತು. ಬೇರೆಯವನಿಗೆ ಮದುವೆ ಮಾಡಿಕೊಟ್ಟ ಅಲಮೇಲು ಮುಂದೊಮ್ಮೆ ರಾಮಾಚಾರಿಗೆ ಮತ್ತೆ ಸಿಗುವುದು ಒಂದು ಹೋಟೆಲಿನಲ್ಲಿ, ಮೈ ಮಾರುವ ಸ್ಥಿತಿಯಲ್ಲಿ. ಆ ದೃಶ್ಯ ಬಂದಾಗ ಮಗಳು ಏನೂ ಅನ್ನಲಿಲ್ಲ, ಒಮ್ಮೆ ಅಪ್ಪನ ಕಡೆ ನೋಡಿದಳು. ಆಮೇಲೆ ಮಾರ್ಗರೆಟ್. ಮತ್ತೆ ಮೇಷ್ಟ್ರು, ಮತ್ತೆ ಅದೇ ಬೇಡಿಕೆ. ಈ ಸಲ ರಾಮಾಚಾರಿ ಒಪ್ಪುವುದಿಲ್ಲ. ಬೆಟ್ಟದ ಮೇಲೆ ಮೇಷ್ಟ್ರು ಸಾಯುತ್ತಾರೆ, ಆಮೇಲೆ ಅವರಿಬ್ಬರೂ ಸಾಯುತ್ತಾರೆ. ಮಗಳು ಎದ್ದು ಹೋಗಿ ನೀರು ಕುಡಿದು ಬಂದು, “ಪಿಕ್ಚರ್ ಚೆನ್ನಾಗಿದೆ. ಮೇಷ್ಟ್ರು ಚೆನ್ನಾಗಿಲ್ಲ” ಎಂದಳು.

ಅಪ್ಪನಿಗೆ ಆ ರಾತ್ರಿ ಊಟ ಸೇರಲಿಲ್ಲ. ಸಿಟ್ಟು ಬಂದದ್ದು ಮಗಳ ಮೇಲೂ ಅಲ್ಲ. ಮೂವತ್ತೈದು ವರ್ಷ ತಾನು ಅತ್ತದ್ದು ಯಾರಿಗಾಗಿ ಎಂಬ ಪ್ರಶ್ನೆ ಎದ್ದಿತ್ತು. ಅಲಮೇಲುವಿಗಾಗಿ ಒಮ್ಮೆಯೂ ಅತ್ತಿರಲಿಲ್ಲ. ಅವಳ ಹೋಟೆಲಿನ ದೃಶ್ಯದಲ್ಲಿಯೂ ಅತ್ತಿದ್ದು ರಾಮಾಚಾರಿಗಾಗಿ.

ಮರುದಿನ ಕಾರ್ಖಾನೆಯಿಂದ ಬಂದು ನೋಟ್‌ಬುಕ್ ಬಿಡಿಸಿ ಕೂತರು. ಎಡಗಡೆಯ ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದರು. ರಾಜೀವ ಬಿಟ್ಟುಕೊಟ್ಟ, ‘ಕಸ್ತೂರಿ ನಿವಾಸ’ದ ಯಜಮಾನ ಬಿಟ್ಟುಕೊಟ್ಟ, ರಾಮಾಚಾರಿ ಬಿಟ್ಟುಕೊಟ್ಟ. 2000ದ ‘ಯಜಮಾನ’ದಲ್ಲಿ ಅಣ್ಣ ತಮ್ಮಂದಿರಿಗಾಗಿ ಎಲ್ಲ ಬಿಟ್ಟುಕೊಟ್ಟ. ಇಲ್ಲಿ ಇನ್ನೊಂದು ತಮಾಷೆ ಕಂಡಿತು. ಬಲಗಡೆಯ ಅರ್ಧ ಹೆಸರುಗಳ ಮುಂದೆ ‘ರೀಮೇಕ್’ ಎಂಬ ಷರಾ ಇದೆ. ರವಿಚಂದ್ರನ್ ಅವರ ‘ರಾಮಾಚಾರಿ’ ತಮಿಳಿನ ‘ಚಿನ್ನ ತಂಬಿ’ಯ ರೀಮೇಕ್, ಅದಕ್ಕೇ ಕೆಟ್ಟದು. ಆದರೆ ‘ಯಜಮಾನ’ ಕೂಡ ತಮಿಳಿನ ‘ವಾನತ್ತೈಪ್ಪೋಲ’ದ ರೀಮೇಕ್. ‘ಆಪ್ತಮಿತ್ರ’ ಮಲಯಾಳಂನ ‘ಮಣಿಚಿತ್ರತ್ತಾಳ್’ ಇಲ್ಲದೆ ಹುಟ್ಟುತ್ತಲೇ ಇರಲಿಲ್ಲ. ಇವೆರಡೂ ಎಡಗಡೆ ಇವೆ. ವಿಷ್ಣುವರ್ಧನ್ ಇದ್ದರೆ ಒಂದು ರಿಯಾಯಿತಿ, ಸರಿ. ಯಾರಾದರೂ ತ್ಯಾಗ ಮಾಡಿದರೆ ಪೂರ್ತಿ ಮಾಫಿ.

ಅಂದರೆ ಆ ಗೆರೆ ಒಳ್ಳೆಯ ಪಿಕ್ಚರ್ ಮತ್ತು ಕೆಟ್ಟ ಪಿಕ್ಚರ್ ನಡುವೆ ಎಳೆದದ್ದಾಗಿರಲಿಲ್ಲ. ಒಳ್ಳೆಯ ಮನುಷ್ಯ ಹೇಗಿರಬೇಕು ಎಂದು ಹದಿನಾರು ವರ್ಷದ ಒಬ್ಬ ಹುಡುಗ ಅಂದುಕೊಂಡಿದ್ದನೋ ಅದರ ಗೆರೆ. ಬಾಯಿ ಬಿಡದವನು, ಬೇಡದವನು, ಕೇಳಿದ್ದನ್ನು ಕೊಡುವವನು ಎಡಕ್ಕೆ. ಜಗಳವಾಡುವವರು, ಬೇಕು ಎನ್ನುವವರು, ನಗಿಸುವವರು ಬಲಕ್ಕೆ. ಹೆಚ್ಚಿನ ಸಿನಿಮಾ ಅಭಿಮಾನಿಗಳ ಪಟ್ಟಿಗಳು ಹೀಗೆಯೇ. ಕ್ಯಾಮೆರಾ, ಸಂಗೀತ, ನಟನೆ ಎಂದು ಕಾರಣ ಕೊಡುತ್ತೇವೆ. ಮನಸ್ಸು ಅದಕ್ಕೆ ಮೊದಲೇ ತೀರ್ಮಾನ ಮಾಡಿರುತ್ತದೆ.

ನಾಲ್ಕನೆಯ ಭಾನುವಾರ ಅಪ್ಪ ತನ್ನ ಪಟ್ಟಿಯನ್ನು ಬದಿಗಿಟ್ಟರು. “ಬಲಗಡೆಯಿಂದ ನೀನೇ ಆರಿಸು” ಎಂದರು. ಓದಲು ಬಾರದ ಮಗಳು ಕಣ್ಣು ಮುಚ್ಚಿ ಬೆರಳಿಟ್ಟಳು. ‘ಗಣೇಶನ ಮದುವೆ’ ಬಂತು.

ಫಣಿ ರಾಮಚಂದ್ರ ಅವರ ಈ ಚಿತ್ರ 1990ರದು. ಒಂದೇ ವಠಾರದಲ್ಲಿ ಅಕ್ಕಪಕ್ಕ ಇದ್ದು ಹಾವು–ಮುಂಗುಸಿಯಂತೆ ಕಚ್ಚಾಡುವ ಇಬ್ಬರು, ಪರಸ್ಪರ ಯಾರೆಂದು ತಿಳಿಯದೆಯೇ ಪ್ರೀತಿಸುವ ಕಥೆ. ಅನಂತ್ ನಾಗ್ ಮತ್ತು ವಿನಯಾ ಪ್ರಸಾದ್. ಇದನ್ನು ಟೈಂಪಾಸ್ ಎಂದು ಬರೆದವರು ಅದರ ಮಾತುಗಾರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅನಂತ್ ನಾಗ್ ಇಲ್ಲಿ ಡೈಲಾಗ್ ಹೊಡೆಯುವುದಿಲ್ಲ, ಪಕ್ಕದ ಮನೆಯವರ ಜೊತೆ ಜಗಳವಾಡುವಂತೆಯೇ ಆಡುತ್ತಾರೆ. ಮಾತಿನ ನಡುವೆ ಉಸಿರು ಸಿಕ್ಕಿಕೊಳ್ಳುತ್ತದೆ, ಸೋಲುವಾಗ ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಬಾಡಿಗೆ, ನೀರು, ಮಾಲೀಕನ ಕಾಟ, ಹೀಗೆ ಮಧ್ಯಮ ವರ್ಗದ ಬೆಂಗಳೂರಿನ ತಾಪತ್ರಯಗಳೆಲ್ಲ ಆ ಜಗಳದಲ್ಲಿವೆ. ಅದರಲ್ಲಿ ಯಾರೂ ಯಾರಿಗಾಗಿಯೂ ಮಹಾ ತ್ಯಾಗ ಮಾಡುವುದಿಲ್ಲ. ತಮಗೆ ಬೇಕಾದ್ದನ್ನು ಬೇಕು ಎನ್ನುತ್ತಾರೆ, ಸಿಕ್ಕಿಬೀಳುತ್ತಾರೆ, ಪೆಚ್ಚಾಗುತ್ತಾರೆ.

ಮಗಳು ಅದನ್ನು ಒಂದೇ ವಾರದಲ್ಲಿ ಮೂರು ಸಲ ನೋಡಿದಳು. ಬುಧವಾರದ ಹೊತ್ತಿಗೆ ಸೊಸೈಟಿಯನ್ನು ವಠಾರ ಎನ್ನತೊಡಗಿದ್ದಳು. ಲಿಫ್ಟ್ ಕೆಟ್ಟಾಗ ಅಮ್ಮನ ಬಳಿ ಆಡಿದ ದೂರು ಪೂರ್ತಿ ಕನ್ನಡದಲ್ಲಿತ್ತು. ಜಗಳದ ಕನ್ನಡ ಅವಳಿಗೆ ಸಿಕ್ಕಿದ್ದು ಅಪ್ಪನ ಕೆಟ್ಟ ಪಿಕ್ಚರಿನಿಂದ.

ಹಾಗೆಂದು ಬಲಗಡೆಯದ್ದೆಲ್ಲ ಬಂಗಾರವಾಗಲಿಲ್ಲ. ಮುಂದಿನ ವಾರ 1999ರ ‘ಉಪೇಂದ್ರ’. ಅದರ ನಾಯಕನ ಹೆಸರೇ ‘ನಾನು’. ಅಪ್ಪ ಅದನ್ನು ಕೆಟ್ಟದು ಎಂದು ಬರೆದದ್ದು ಆ ಹೆಸರಿಗೇ. ‘ಅಹಂಕಾರ’ ಎಂದು ಷರಾ. ಮೊದಲ ಅರ್ಧ ಗಂಟೆ ಮಗಳಿಗೆ ಬಹಳ ಹಿಡಿಸಿತು. ಮನಸ್ಸಿನಲ್ಲಿದ್ದದ್ದನ್ನೆಲ್ಲ ಬಾಯಿಗೆ ತರುವ ನಾಯಕ, ಮೂರು ಹೆಣ್ಣುಗಳನ್ನು ಮೂರು ಆಸೆಗಳಂತೆ ಇಟ್ಟ ಕಥೆ, ಆ ಧೈರ್ಯ. ಅರ್ಧದಲ್ಲಿ ಅವಳು ಆಫ್ ಮಾಡಿದಳು. “ಅವನು ನಾನು. ಸರಿ. ಅವರು ಮೂರು ಜನ ಯಾರು? ಅವ್ರಿಗೆ ನಾನು ಇಲ್ವಾ?” ಅಪ್ಪನಿಗೆ ಖುಷಿಯಾಯಿತು, ಕೊನೆಗೂ ಮಗಳು ತನ್ನ ತೀರ್ಪನ್ನು ಒಪ್ಪಿದಳು ಎಂದು. ಸ್ವಲ್ಪ ಹೊತ್ತಿಗೆ ತೀರ್ಪು ಮಾತ್ರ ಒಂದೇ, ಕಾರಣ ಬೇರೆ ಎಂದು ಹೊಳೆಯಿತು. ಒಬ್ಬ ಮನುಷ್ಯ ನಾನು ಎಂದದ್ದು ಅಪ್ಪನಿಗೆ ಸಹಿಸಲಾಗಿರಲಿಲ್ಲ. ಉಳಿದವರಿಗೆ ನಾನು ಎನ್ನಲು ಬಿಡಲಿಲ್ಲ ಎಂಬುದು ಮಗಳ ತಕರಾರು. ಅಲಮೇಲುವಿನ ವಿಷಯದಲ್ಲಿ ಚಾಮಯ್ಯ ಮೇಷ್ಟ್ರ ಮೇಲೆ ಇದ್ದದ್ದೂ ಇದೇ ತಕರಾರು.

ಆಮೇಲೆ ‘ತಿಥಿ’. ಮಂಡ್ಯ ಸೀಮೆಯ ಹಳ್ಳಿಯಲ್ಲಿ, ನಟರಲ್ಲದ ಊರಿನ ಜನರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ತೆಗೆದ ಚಿತ್ರ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು, ಮರುವರ್ಷ ಥಿಯೇಟರಿಗೆ ಬಂತು. ನೋಟ್‌ಬುಕ್ಕಿನಲ್ಲಿ ಬಲಗಡೆ, ‘ಕಥೆಯೇ ಇಲ್ಲ’. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೆಯ ದಿನದ ತಿಥಿಯವರೆಗೆ ನಡೆಯುವುದೇ ಪಿಕ್ಚರ್. ಮಗಳಿಗೆ ಆ ಕನ್ನಡ ಅರ್ಧಕ್ಕರ್ಧ ಅರ್ಥವಾಗಲಿಲ್ಲ. “ಬುಡು ಅಂದ್ರೇನು?” ಎಂದು ಕೇಳಿದಳು. ಬಿಡು ಎಂದಾಗ, “ಹಾಗಿದ್ರೆ ಇಡೀ ಪಿಕ್ಚರ್ ಅದೇ ಅಲ್ವಾ, ಗಡ್ಡಪ್ಪ ಎಲ್ಲದಕ್ಕೂ ಬುಡು ಅಂತಾನೆ” ಎಂದಳು.

ಆಗ ಅಪ್ಪನಿಗೇ ಒಂದು ಹೋಲಿಕೆ ಹೊಳೆಯಿತು, ಮಗಳು ಹೇಳಿದ್ದಲ್ಲ. ಗಡ್ಡಪ್ಪನೂ ಹೊಲ ಬೇಡವೆನ್ನುತ್ತಾನೆ. ಅವನ ಮಗ ತಮ್ಮಣ್ಣ, ಅಪ್ಪ ಸತ್ತಿದ್ದಾನೆಂದು ಸುಳ್ಳು ಕಾಗದ ಮಾಡಿಸಿ ಜಮೀನು ಮಾರಲು ಹೊರಟು, ದುಡ್ಡು ಕೊಟ್ಟು ಅವನನ್ನು ಊರಿನಿಂದ ಸಾಗಹಾಕುತ್ತಾನೆ. ಗಡ್ಡಪ್ಪ ಬ್ರಾಂದಿ ಗುಟುಕರಿಸುತ್ತಾ ನಡೆದುಬಿಡುತ್ತಾನೆ. ಅಂದರೆ ಇವನೂ ರಾಜೀವನೇ. ಜಮೀನು ಬಿಟ್ಟು, ಸಂಸಾರ ಬಿಟ್ಟು, ಮಾತಿಲ್ಲದೆ ನಡೆದವನು. ಇವನನ್ನು ಮಾತ್ರ ಯಾರೂ ಬಂಗಾರದ ಮನುಷ್ಯ ಎನ್ನುವುದಿಲ್ಲ, ಯಾಕೆಂದರೆ ಇವನ ನಡಿಗೆಗೆ ಹಿನ್ನೆಲೆ ಸಂಗೀತವಿಲ್ಲ. ಯಾರಿಗೋಸ್ಕರವೂ ಬಿಟ್ಟದ್ದಲ್ಲ, ಅವನಿಗೆ ಅದು ಬೇಡ, ಅಷ್ಟೇ. ಬಿಡುವುದು ದೊಡ್ಡತನವಾಗುವುದು ನೋಡುವವರು ಇದ್ದಾಗಲೇ ಎಂದು ಅಪ್ಪ ಅಂದುಕೊಂಡರು. ‘ಕಥೆಯೇ ಇಲ್ಲ’ ಎಂಬ ಷರಾವನ್ನು ನಿಯಮದ ಪ್ರಕಾರ ಹೊಡೆಯುವಂತಿರಲಿಲ್ಲ. ಪಕ್ಕದಲ್ಲಿ ‘ಇದೆ’ ಎಂದು ಸೇರಿಸಿದರು.

ಎಡಗಡೆಯಿಂದ ಮಗಳು ಆರಿಸಿದ್ದು ಒಂದೇ, ‘ಘಟಶ್ರಾದ್ಧ’. ಅಮ್ಮ ಹೆಸರು ಓದಿ ಹೇಳಿದಾಗ ಅದರ ಅರ್ಥ ಕೇಳಿ ಕುತೂಹಲವಾಗಿತ್ತು. ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ, ಯು.ಆರ್. ಅನಂತಮೂರ್ತಿಯವರ ಕಥೆ, 1977ರ ಸ್ವರ್ಣಕಮಲ. ನೋಟ್‌ಬುಕ್ಕಿನಲ್ಲಿ ‘ಕ್ಲಾಸ್ ಪಿಕ್ಚರ್, ನಿಧಾನ’ ಎಂದಿದೆ. ಪ್ರಶಸ್ತಿ ಬಂದದ್ದಕ್ಕೆ ಮರ್ಯಾದೆ ಕೊಟ್ಟ ಷರಾ, ಮೈಗೆ ತಾಗಿದ ಷರಾ ಅಲ್ಲ. ಮಲೆನಾಡಿನ ಅಗ್ರಹಾರದಲ್ಲಿ ವೇದ ಹೇಳಿಕೊಡುವ ಉಡುಪರ ವಿಧವೆ ಮಗಳು ಯಮುನಾ ಬಸಿರಾಗುತ್ತಾಳೆ. ಕೊನೆಗೆ ಬದುಕಿರುವ ಮಗಳಿಗೇ ಅಪ್ಪ ಶ್ರಾದ್ಧ ಮಾಡುತ್ತಾನೆ. ಇದನ್ನೆಲ್ಲ ನಾಣಿ ಎಂಬ ಪುಟ್ಟ ಹುಡುಗ ನೋಡುತ್ತಾನೆ. ಅವನಿಗೆ ಎಲ್ಲ ಅರ್ಥವಾಗುವುದಿಲ್ಲ, ಅವಳನ್ನು ಬಿಟ್ಟು ಹೋಗಬಾರದು ಎಂಬುದಷ್ಟೇ ಅರ್ಥವಾಗುತ್ತದೆ.

ಮೂವರೂ ಟಿವಿ ಮುಂದೆ ಮಾತಿಲ್ಲದೆ ಕೂತಿದ್ದರು. ಈ ಪಿಕ್ಚರಿನಲ್ಲೂ ಒಂದು ತ್ಯಾಗವಿದೆ, ಆದರೆ ಅದನ್ನು ಮಾಡುವವರ ಬೆನ್ನಿಗೆ ಕ್ಯಾಮೆರಾ ಹೋಗುವುದಿಲ್ಲ, ಯಾರನ್ನು ಬಿಟ್ಟರೋ ಅವಳ ಬಳಿ ಉಳಿಯುತ್ತದೆ. ಬೋಳಿಸಿದ ತಲೆಯ ಯಮುನಾ ಮರದ ಕೆಳಗೆ ಒಬ್ಬಳೇ ಕೂತದ್ದನ್ನು ತೋರಿಸುತ್ತದೆ. ಕಾಸರವಳ್ಳಿ ಅಲ್ಲಿ ಅಳಿಸಲು ಏನನ್ನೂ ಮಾಡುವುದಿಲ್ಲ. ಮಾನದ ಬೆಲೆ ಕೊಟ್ಟವರು ಯಾರು ಎಂದು ತೋರಿಸಿ ಸುಮ್ಮನಾಗುತ್ತಾರೆ. ಅಪ್ಪನಿಗೆ ಈ ಸಲ ಅದು ನಿಧಾನ ಅನ್ನಿಸಲಿಲ್ಲ.

ಅವತ್ತು ರಾತ್ರಿ ಅವರು ಒಬ್ಬರೇ ಕೂತು ‘ನಾಗರಹಾವು’ವಿನ ಕೊನೆಯ ಇಪ್ಪತ್ತು ನಿಮಿಷ ಮತ್ತೆ ನೋಡಿದರು, ಮಗಳನ್ನು ಸೋಲಿಸುವ ಕಾರಣ ಹುಡುಕಲೆಂದು. ಸಿಕ್ಕಿದ್ದು ಬೇರೆ. ಪುಟ್ಟಣ್ಣ ಮೋಸ ಮಾಡಿರಲಿಲ್ಲ. ಅಲಮೇಲುವನ್ನು ಹೋಟೆಲಿನ ಕೋಣೆಯಲ್ಲಿ ತಂದು ನಿಲ್ಲಿಸಿದ್ದೇ ಅವರು, ಮೇಷ್ಟ್ರ ಮೊದಲ ಬೇಡಿಕೆ ಏನಾಯಿತು ನೋಡಿ ಎಂದು. ಎರಡನೆಯ ಬೇಡಿಕೆಗೆ ಮೇಷ್ಟ್ರನ್ನೇ ಬೆಟ್ಟದಿಂದ ಬೀಳಿಸಿದರು. ಪ್ರೀತಿಯ ಹೆಸರಿನಲ್ಲಿ ಎರಡೆರಡು ಸಲ ಕೇಳಬಾರದ್ದನ್ನು ಕೇಳಿದ ಮನುಷ್ಯನ ಕಥೆಯನ್ನು ಪಿಕ್ಚರ್ ಪೂರ್ತಿ ಹೇಳಿತ್ತು. ಥಿಯೇಟರಿನಲ್ಲಿ ಅತ್ತವರು ಅರ್ಧ ಮಾತ್ರ ಕೇಳಿಸಿಕೊಂಡಿದ್ದರು. ಹಾಗಾಗಿ ‘ನಾಗರಹಾವು’ ಒಳ್ಳೆಯ ಪಿಕ್ಚರೇ, ಅಭಿಮಾನಿಯ ನೆನಪಿಗಿಂತ ಒಳ್ಳೆಯದು. ಜಲೀಲನ ಕಾಟವನ್ನು ಸಿಳ್ಳೆ ಹೊಡೆಯುವ ಹಾಗೆ ತೋರಿಸಿದ್ದು, ಮಾರ್ಗರೆಟ್‌ಗೆ ಸಾಯುವುದನ್ನು ಬಿಟ್ಟು ಬೇರೆ ದಾರಿ ಕೊಡದಿದ್ದದ್ದು, ಆ ತಪ್ಪುಗಳು ತಪ್ಪುಗಳಾಗಿಯೇ ಇವೆ. ಆದರೆ ಐವತ್ತು ವರ್ಷದ ನಂತರ ಪುಣೆಯ ಒಬ್ಬ ಹುಡುಗಿ ಮೇಷ್ಟ್ರ ಮೇಲೆ ಜಗಳಕ್ಕೆ ನಿಲ್ಲುವಷ್ಟು ಜೀವ ಅದರಲ್ಲಿದೆ. ‘ಯಜಮಾನ’ದ ಅಣ್ಣನ ಮೇಲೆ ಹಾಗೆ ಜಗಳಕ್ಕೆ ನಿಲ್ಲಲಾಗುವುದಿಲ್ಲ. ಅವನ ತ್ಯಾಗಕ್ಕೆ ಯಾರೂ ಬೆಲೆ ತೆರುವುದನ್ನು ಆ ಪಿಕ್ಚರ್ ತೋರಿಸುವುದಿಲ್ಲ, ಕೇಳಲು ನೋಡುವವರಿಗೆ ಏನೂ ಉಳಿಯುವುದಿಲ್ಲ.

ಅದೇ ವಾರ ಹನ್ನೊಂದನೇ ತರಗತಿಯ ಆನ್‌ಲೈನ್ ಅರ್ಜಿ ತುಂಬಬೇಕಿತ್ತು. ಅಪ್ಪ ಲ್ಯಾಪ್‌ಟಾಪ್ ತೆರೆದು, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿ, ಹೆಸರು, ವಿಳಾಸ, ಶಾ��ೆ ಎಲ್ಲ ತುಂಬಿದರು. ವಿಭಾಗದ ಕಾಲಂ ಬಂದಾಗ ಕೈ ನಿಂತಿತು.

“ಪುಟ್ಟಿ, ನಾನು ಅವತ್ತು ಕೇಳಿದ್ನಲ್ಲ, ಅದಕ್ಕೆ ಆಯ್ತು ಅಂದ್ಯಲ್ಲ. ನಿಜವಾಗ್ಲೂ ಆಯ್ತಾ?”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನೀನು ಬೈದಿದ್ರೆ ಅವತ್ತೇ ಇಲ್ಲ ಅಂತಿದ್ದೆ” ಎಂದಳು.

ಅಪ್ಪ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಅವಳು ಕೂತಳು. ಸೈನ್ಸ್ ಬಿಟ್ಟರೆ ಮುಂದೆ ಏನೇನು ಮುಚ್ಚಿಹೋಗುತ್ತದೆ ಎಂದು ಅವರು ನಿಂತಲ್ಲಿಂದಲೇ ಹೇಳಿದರು. ಭಯವಿತ್ತು, ಆ ಭಯವನ್ನು ಮುಚ್ಚಿಡಲಿಲ್ಲ. ಅವಳು ವಾದ ಮಾಡಿದಳು. ಅರ್ಧ ಕನ್ನಡ, ಅರ್ಧ ಹಿಂದಿ, ನಡುವೆ ದನಿ ಏರಿತು, ಅಮ್ಮ ಒಮ್ಮೆ ಬಂದು “ಸಾವಕಾಶ ಮಾತಾಡ್ರಿ, ಮಂದಿ ಏನಂತಾರ” ಎಂದು ಹೋದರು. ಒಂದು ಗಂಟೆಯ ನಂತರ ಅವಳು ಆರ್ಟ್ಸ್ ಎಂದು ಒತ್ತಿದಳು. ಅಪ್ಪನಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ, ಇವತ್ತಿಗೂ ಆಗಿಲ್ಲ.

ಆ ಬೇಸಿಗೆಯ ಕೊನೆಯ ಪಿಕ್ಚರನ್ನು ಮಗಳೇ ಹುಡುಕಿ ತಂದಳು, ನೋಟ್‌ಬುಕ್ಕಿನಲ್ಲಿ ಇಲ್ಲದ್ದು. ರೂಪಾ ರಾವ್ ನಿರ್ದೇಶನದ ‘ಗಂಟುಮೂಟೆ’, 2019ರದು. ತೊಂಬತ್ತರ ದಶಕದ ಬೆಂಗಳೂರಿನ ಹೈಸ್ಕೂಲ್ ಹುಡುಗಿ ಮೀರಾ, ಸಲ್ಮಾನ್ ಖಾನ್ ಹುಚ್ಚಿನವಳು, ಪಿಕ್ಚರಿನಲ್ಲಿ ಕಂಡದ್ದನ್ನು ತನ್ನ ತರಗತಿಯಲ್ಲಿ ಹುಡುಕುತ್ತಾಳೆ. ತೇಜು ಬೆಳವಾಡಿ ಮಾಡಿದ ಈ ಪಾತ್ರಕ್ಕೆ ತನ್ನ ಕಥೆಯನ್ನು ತಾನೇ ಹೇಳುವ ಹಕ್ಕಿದೆ. ಅಲಮೇಲುವಿಗೆ, ಯಮುನಾಗೆ, ಉಪೇಂದ್ರನ ಮೂರು ಹೆಣ್ಣುಗಳಿಗೆ ಸಿಗದ ‘ನಾನು’ ಇವಳಿಗೆ ಸಿಕ್ಕಿದೆ. ಚಿತ್ರ ಅಲ್ಲಲ್ಲಿ ಎಳೆಯುತ್ತದೆ, ಹೇಳಿಕೆ ಸ್ವಲ್ಪ ಹೆಚ್ಚು. ಆದರೆ ಸಿನಿಮಾ ನೋಡಿ ಬದುಕು ಕಲಿಯಲು ಹೊರಟವರಿಗೆ ಆಗುವ ಪೆಟ್ಟನ್ನು ಅದು ಸುಳ್ಳಾಡದೆ ತೋರಿಸುತ್ತದೆ. ಅಪ್ಪ ನೋಟ್‌ಬುಕ್ ತೆರೆದರು. ಯಾವ ಕಡೆ ಎಂದು ಕೇಳಿದರು. “ನೀನು ಹೇಳು, ನಿನ್ನ ಪುಸ್ತಕ” ಎಂದಳು. ಎಡಗಡೆ ಬರೆದರು. ಷರಾವನ್ನು ಅವಳು ಹೇಳಿದಳು, ಅವರು ಬರೆದುಕೊಂಡರು: ‘ಸ್ವಲ್ಪ ಉದ್ದ’.

ಮುಂದಿನ ವಾರ ಚಿತ್ರದುರ್ಗದಿಂದ ಅಜ್ಜಿಯ ಫೋನ್ ಬಂತು. ಬೆನ್ನುನೋವು, ಮಳೆ, ಪಕ್ಕದ ಮನೆಯವರ ಮಗಳ ಮದುವೆ ಎಲ್ಲ ಆದ ಮೇಲೆ ಅಜ್ಜಿ ಕೇಳಿದರು, “ಮಗು ಯಾವ್ದು ತಗಂಡ್ಳಪ್ಪ, ಸೈನ್ಸಾ?”

ಹತ್ತು ದಿನದಿಂದ ಅಪ್ಪ ಈ ಪ್ರಶ್ನೆಗೆ ಉತ್ತರ ಹೊಂದಿಸುತ್ತಿದ್ದರು. “ಅವಳನ್ನೇ ಕೇಳಮ್ಮ” ಎಂದು ಫೋನನ್ನು ಮಗಳ ಕೈಗೆ ಕೊಟ್ಟರು.

ಅವಳು ಫೋನ್ ಹಿಡಿದು ಬಾಲ್ಕನಿಗೆ ಹೋದಳು. ಒಳಗಿನಿಂದ ಎಲ್ಲ ಕೇಳಿಸುತ್ತಿರಲಿಲ್ಲ. “ಇಲ್ಲ ಅಜ್ಜಿ, ಯಾಕೆಂದ್ರೆ” ಎಂಬುದು ಕೇಳಿಸಿತು. ಆಮೇಲೆ ಬಹಳ ಹೊತ್ತು ಮಾತು ನಡೆದೇ ಇತ್ತು.